ಸಗಣಿ ಹಿಂಡುವ ಯಂತ್ರ: ಪುಡಿಗೆ ಪೂರ್ತಿ ಅಂಕ, ನೀರಿಗೆ ಇಲ್ಲ

ನಮ್ಮ ಕೊಟ್ಟಿಗೆಗೆ ಸ್ಕ್ರೂ ಪ್ರೆಸ್ ಮಾದರಿಯ ಸಗಣಿ ಹಿಂಡುವ ಯಂತ್ರ ಬಂದು ಒಂದು ಮಳೆಗಾಲ ಕಳೆದಿದೆ. ಕೊಳ್ಳುವ ಯೋಚನೆಯಲ್ಲಿರುವವರಿಗೆ ನನ್ನ ಅನುಭವ ಹೇಳುತ್ತೇನೆ.

ಹಸಿ ಸಗಣಿಯಲ್ಲಿ ಶೇ. 80ಕ್ಕಿಂತ ಜಾಸ್ತಿ ನೀರೇ. ಗಂಜಲ, ಕೊಟ್ಟಿಗೆ ತೊಳೆದ ನೀರು ಸೇರಿದರೆ ಬರೀ ಬಗ್ಗಡ. ಯಂತ್ರದ ಸ್ಕ್ರೂ ಇದನ್ನು ಜಾಲರಿಗೆ ಒತ್ತಿ ಹಿಂಡುತ್ತದೆ. ಒಂದು ಕಡೆ ಪುಡಿ, ಇನ್ನೊಂದು ಕಡೆ ಕಂದು ನೀರು. ಪುಡಿ ಮುಟ್ಟಿದರೆ ಒದ್ದೆ ಮರದ ಹೊಟ್ಟಿನ ಹಾಗಿರುತ್ತದೆ. ವಾಸನೆ ಬಹಳ ಕಡಿಮೆ. ರಾಶಿ ಹಾಕಿದರೆ ಒಳಗೆ ಗಾಳಿ ಆಡುತ್ತದೆ, 55 ಡಿಗ್ರಿ ದಾಟಿ ಬಿಸಿಯಾಗುತ್ತದೆ, ಕಳೆ ಬೀಜವೂ ಸಾಯುತ್ತದೆ. ಗಾಳಿಯಿಲ್ಲದ ಗುಂಡಿಯಲ್ಲಿ ಬಗ್ಗಡ ಕೊಳೆತು ಮೀಥೇನ್ ಬಿಡುವುದಕ್ಕಿಂತ ಇದು ಎಷ್ಟೋ ವಾಸಿ.

ಆದರೆ ಮಾರುವವರು "ಇನ್ನು ಮಾಲಿನ್ಯದ ಚಿಂತೆಯೇ ಇಲ್ಲ" ಅಂದರೆ ಸುಮ್ನೆ ತಲೆಯಾಡಿಸಬೇಡಿ. ಸಾರಜನಕದ ಹೆಚ್ಚು ಪಾಲು ಆ ಕಂದು ನೀರಿನಲ್ಲೇ ಹೋಗುತ್ತದೆ. ಅದನ್ನು ಚರಂಡಿಗೆ ಬಿಟ್ಟರೆ ಕೆರೆಯಲ್ಲಿ ಪಾಚಿ ಕಟ್ಟುತ್ತದೆ, ಆಮ್ಲಜನಕ ಕಡಿಮೆಯಾಗಿ ಮೀನು ಸಾಯುತ್ತವೆ. ಒಂದೇ ಹೊಲಕ್ಕೆ ಮತ್ತೆ ಮತ್ತೆ ಸುರಿದರೆ ಆ ಸಾರಜನಕ ನೈಟ್ರೇಟ್ ಆಗಿ ಬಾವಿಗೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 50 ಮಿಲಿಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೆಚ್ಚಾದರೆ ಹಸುಗೂಸುಗಳಿಗೆ ಅಪಾಯ. ಹಾಗಾಗಿ ಮಳೆಗಾಲ ಮುಗಿಯುವವರೆಗೆ ಈ ನೀರು ಹಿಡಿದಿಡುವಷ್ಟು ದೊಡ್ಡ, ಸೋರದ, ಮುಚ್ಚಿದ ತೊಟ್ಟಿ ಬೇಕೇ ಬೇಕು. ಯಂತ್ರದ ಜೊತೆ ಅದು ಬರುವುದಿಲ್ಲ! ಬೆಳೆ ಹೀರುವ ಕಾಲದಲ್ಲಿ ಹೊಲಕ್ಕೆ ಬಿಟ್ಟರೆ ಬೇಗ ಇಂಗುತ್ತದೆ, ಒಳ್ಳೆಯ ಗೊಬ್ಬರ.

ತಕರಾರುಗಳೂ ಇವೆ. ಮರಳು, ಕಲ್ಲು ಸೇರಿದರೆ ಸ್ಕ್ರೂ ಸವೆಯುತ್ತದೆ. ಉದ್ದ ಹುಲ್ಲು ಸುತ್ತಿಕೊಳ್ಳುತ್ತದೆ. ಬಗ್ಗಡ ತೀರಾ ತೆಳ್ಳಗಿದ್ದರೆ ಹಿಂಡದೆ ಹಾಗೇ ಹೊರಗೆ ನುಗ್ಗುತ್ತದೆ. ಜಾಲರಿ ದಿನಾ ತೊಳೆಯಬೇಕು.

ಕೈಪಿಡಿಯಲ್ಲಿ ಸಣ್ಣ ಅಕ್ಷರದಲ್ಲಿ ಅಡಗಿಸಿದ ಒಂದು ಮಾತನ್ನು ದೊಡ್ಡದಾಗಿ ಬರೆಯಬೇಕಿತ್ತು: ಬಗ್ಗಡದ ಗುಂಡಿ ಕದಡಿದಾಗ ಹೈಡ್ರೋಜನ್ ಸಲ್ಫೈಡ್ ಎಂಬ ವಿಷದ ಗಾಳಿ ಏಳುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಪ್ರಮಾಣ ಏರಿದರೆ ಮೂಗಿಗೆ ಗೊತ್ತೇ ಆಗುವುದಿಲ್ಲ. ಕದಡುವಾಗ ಹತ್ತಿರ ನಿಲ್ಲಬೇಡಿ, ಒಳಗಂತೂ ಇಳಿಯಲೇಬೇಡಿ.

ನಾಲ್ಕೈದು ಹಸು ಇದ್ದವರಿಗೆ ಈ ಯಂತ್ರ ಅತಿಯಾಯಿತು, ಗೋಬರ್ ಗ್ಯಾಸ್ ಸಾಕು. ದೊಡ್ಡ ಕೊಟ್ಟಿಗೆಗೆ 5ಕ್ಕೆ 3.5 ಕೊಡುತ್ತೇನೆ. ಕೊಳ್ಳುವಾಗಲೇ ಒಂದು ಜಾಲರಿ ಜಾಸ್ತಿ ಕೇಳಿ ಪಡೆಯಿರಿ.