ವಿಮಾನ ಹಿಡಿಯಲು ಏರ್‌ಪೋರ್ಟ್ ರೈಲು ನಂಬುವ ಮುನ್ನ

ಬೆಂಗಳೂರಿನವರಿಗೆ, ಅದರಲ್ಲೂ ಯಲಹಂಕ ಕಡೆಯವರಿಗೆ ಒಂದು ಮಾತು. ಹತ್ತು ರೂಪಾಯಿಯ ರೈಲು ನಂಬಿ ನಾನು ವಿಮಾನ ತಪ್ಪಿಸಿಕೊಂಡೆ.

ಯಲಹಂಕದಿಂದ ಹೋಗುವ ರೈಲು ದೊಡ್ಡಜಾಲ ದಾಟಿದರೆ, ದೇವನಹಳ್ಳಿಗಿಂತ ಮುಂಚೆ, ಏರ್‌ಪೋರ್ಟ್ ಹಾಲ್ಟ್ ಅಂತ ಒಂದು ಪುಟ್ಟ ಸ್ಟೇಷನ್ ಸಿಗುತ್ತದೆ. 2021ರ ಜನವರಿಯಿಂದ ಅಲ್ಲಿ ರೈಲು ನಿಲ್ಲುತ್ತಿದೆ. ಇಳಿದು ನಡೆದು ಹೋಗುವಷ್ಟು ಹತ್ತಿರ ಅಲ್ಲ ಟರ್ಮಿನಲ್, ಶಟಲ್ ಬಸ್ ಹತ್ತಬೇಕು.

ನಾನೇನೂ ಕಣ್ಣು ಮುಚ್ಚಿ ಹೋಗಲಿಲ್ಲ. ಮೊದಲು ಒಂದು ಬುಧವಾರ ಸುಮ್ನೆ ಹೋಗಿ ನೋಡಿಕೊಂಡು ಬಂದೆ. ಇಡೀ ಡಬ್ಬಿಯಲ್ಲಿ ನಾಲ್ಕೇ ಜನ. ಕೊರಳಲ್ಲಿ ಐಡಿ ಕಾರ್ಡ್ ಹಾಕಿಕೊಂಡಿದ್ದ ಇಬ್ಬರು ಹುಡುಗಿಯರು, ಸೊಪ್ಪಿನ ಮೂಟೆಗೆ ಒರಗಿ ನಿದ್ದೆ ಹೊಡೆಯುತ್ತಿದ್ದ ಒಬ್ಬ ಯಜಮಾನರು, ನಾನು. ಬಳ್ಳಾರಿ ರಸ್ತೆಯ ಟ್ರಾಫಿಕ್ ಇಲ್ಲ, ಕ್ಯಾಬ್‌ನವರ ಜೊತೆ ಜಗಳ ಇಲ್ಲ. ಇಷ್ಟು ಒಳ್ಳೆ ರೈಲನ್ನು ಜನ ಯಾಕೆ ಹತ್ತಲ್ಲ ಅಂತ ನನ್ನಷ್ಟಕ್ಕೆ ನಗು ಬಂತು. ಆಗಲೇ ಯೋಚನೆ ಮಾಡಬೇಕಿತ್ತು.

ನನ್ನ ವಿಮಾನ ಇದ್ದದ್ದು ಭಾನುವಾರ. ಬೆಳಗಿನ ಜಾವ ಸೂಟ್‌ಕೇಸ್ ಎಳೆದುಕೊಂಡು ಪ್ಲಾಟ್‌ಫಾರ್ಮಿಗೆ ಬಂದರೆ ನಾನು, ಎರಡು ನಾಯಿ, ಟೀ ಮಾರುವವನು. ಇಪ್ಪತ್ತು ನಿಮಿಷ ಕಾದೆ. ಲೇಟು ಅಂದುಕೊಂಡೆ. ಕೊನೆಗೆ ಟೀಯವನೇ ಕೇಳಿದ, "ಎಲ್ಲಿಗೆ ಸಾರ್?" ಹೇಳಿದೆ. "ಅಯ್ಯೋ, ಇವತ್ತು ಭಾನುವಾರ ಅಲ್ವಾ? ಆ ಗಾಡಿ ಇರಲ್ಲ."

ನನ್ನ ಫೋನಿನಲ್ಲಿದ್ದದ್ದು ಯಾರೋ ಫಾರ್ವರ್ಡ್ ಮಾಡಿದ್ದ ವೇಳಾಪಟ್ಟಿಯ ಫೋಟೋ. ಕೆಳಗೆ ಸಣ್ಣ ಅಕ್ಷರದಲ್ಲಿ "ಭಾನುವಾರ ಹೊರತು" ಅಂತ ಇತ್ತು. ನೋಡಿರಲಿಲ್ಲ. ಓಡಿ ಹೋಗಿ ಆಟೋ, ಆಮೇಲೆ ಕ್ಯಾಬ್. ಲಗೇಜ್ ಕೌಂಟರ್ ಮುಚ್ಚಿ ಏಳು ನಿಮಿಷ ಆಗಿತ್ತು. ಅಲ್ಲೇ ನಿಂತು ಹೊಸ ಟಿಕೆಟ್ ತಗೊಂಡೆ. ಎಷ್ಟಕ್ಕೆ ಅಂತ ಮನೆಯಲ್ಲಿ ಇನ್ನೂ ಹೇಳಿಲ್ಲ.

ಆ ಡಬ್ಬಿ ಯಾಕೆ ಖಾಲಿ ಅಂತ ಈಗ ಅರ್ಥವಾಗಿದೆ. ಒಂದು ರೈಲು ತಪ್ಪಿದರೆ ಇನ್ನೊಂದಕ್ಕೆ ಗಂಟೆಗಟ್ಟಲೆ ಕಾಯಬೇಕು. ಇರುವುದು ಸಿಂಗಲ್ ಲೈನ್, ಎದುರಿನಿಂದ ಗಾಡಿ ಬಂದರೆ ಕ್ರಾಸಿಂಗ್‌ಗೆ ನಿಲ್ಲಲೇಬೇಕು. ವಿಮಾನ ಇರುವವರು ಯಾರು ಆ ಧೈರ್ಯ ಮಾಡುತ್ತಾರೆ? ಜನ ಇಲ್ಲ ಅಂತ ರೈಲು ಜಾಸ್ತಿ ಬಿಡಲ್ಲ, ರೈಲು ಇಲ್ಲ ಅಂತ ಜನ ಬರಲ್ಲ. ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಅಂದಂಗಾಯ್ತು. ದೇವನಹಳ್ಳಿ ತನಕ ಸಬರ್ಬನ್ ರೈಲಿಗೆ 2022ರಲ್ಲೇ ಶಂಕುಸ್ಥಾಪನೆ ಆಗಿದೆ, ಅದು ಬರುವಾಗ ಬರಲಿ.

ಅಲ್ಲಿಯವರೆಗೆ, ಹಿಂದಿನ ರಾತ್ರಿಯೇ ರೈಲ್ವೆ ವಿಚಾರಣೆಯ 139ಕ್ಕೆ ಫೋನ್ ಮಾಡಿ, ನಾಳೆ ಆ ಗಾಡಿ ಓಡುತ್ತದಾ ಅಂತ ಕೇಳಿ. ಫಾರ್ವರ್ಡ್ ಫೋಟೋ ಬೇಡವೇ ಬೇಡ. ಆ ರೈಲು ತಪ್ಪಿದರೆ ಮುಂದಿನದು ನಿಮ್ಮ ವಿಮಾನಕ್ಕೆ ಆಗಿಬರಲ್ಲ ಅಂತಾದರೆ, ದುಡ್ಡು ಹೋದರೂ ಪರವಾಗಿಲ್ಲ, ಏರ್‌ಪೋರ್ಟಿಗೆ ಹೋಗುವ ವಾಯುವಜ್ರ ಬಸ್ ಹತ್ತಿ. ಊರಿಂದ ಬರುವ ಯಾರನ್ನಾದರೂ ಕರೆದುಕೊಂಡು ಬರಲು ಹೋಗುವುದಿದ್ದರೆ ಮಾತ್ರ ಧಾರಾಳವಾಗಿ ರೈಲಿನಲ್ಲೇ ಹೋಗಿ. ಕಿಟಕಿ ಪಕ್ಕದ ಸೀಟು ಗ್ಯಾರಂಟಿ.