ಮಾವನ ಪ್ರೋಗ್ರಾಂ ದೊಡ್ಡದೋ, ನನ್ನದೋ? ಬೇಸಿಕ್ ಸಾಲು ಎಣಿಸಿ ನೋಡಿದ್ದು

ಶಿಡ್ಲಘಟ್ಟದಲ್ಲಿ ನಮ್ಮ ಮಾವನದು ರೇಷ್ಮೆ ನೂಲು ತೆಗೆಯುವ ಘಟಕ. ಗೂಡಿನ ಲಾಟು, ತೂಕ, ರೇಟು, ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಹೋಯಿತು ಅನ್ನುವ ರೆಂಡಿಟ್ಟ, ಎಲ್ಲಕ್ಕೂ ಅವರೇ ಹಳೆಯ ಡಾಸ್ ಕಾಲದ ಪ್ರೋಗ್ರಾಮಿಂಗ್ ಭಾಷೆಯಾದ ಜಿಡಬ್ಲ್ಯು-ಬೇಸಿಕ್‌ನಲ್ಲಿ ಪ್ರೋಗ್ರಾಂ ಬರೆದುಕೊಂಡಿದ್ದರು. ಅದೇ ಕಾಲದಲ್ಲಿ ಚಿಕ್ಕಬಳ್ಳಾಪುರದಲ್ಲಿ ನಾನೂ ಅಂಗಡಿ ಲೆಕ್ಕಕ್ಕೆ ಒಂದು ಬರೆದಿದ್ದೆ. ಈಗ ಎರಡನ್ನೂ ಇಂದಿನ ಭಾಷೆಯಾದ ಪೈಥಾನ್‌ಗೆ ತರುತ್ತಿದ್ದೇನೆ. ಯಾವುದಕ್ಕೆ ಎಷ್ಟು ದಿನ ಬೇಕು ಅಂತ ತಿಳಿಯಲು ಮೊದಲು ಸಾಲು ಎಣಿಸಬೇಕಿತ್ತು.

"ನಂದು ಎರಡೂವರೆ ಸಾವಿರ ಲೈನು ಕಣಪ್ಪ" ಅಂದರು ಮಾವ. ಅವರು ನೋಡಿದ್ದು ಕೊನೆಯ ಸಾಲಿನ ನಂಬರ್, 2480. ನನ್ನದರಲ್ಲಿ ಅದು 3180. ಬೇಸಿಕ್‌ನಲ್ಲಿ ಸಾಲುಗಳಿಗೆ ಸಾಮಾನ್ಯವಾಗಿ 10, 20, 30 ಅಂತ ನಂಬರ್ ಕೊಡುವುದರಿಂದ ಹತ್ತರಿಂದ ಭಾಗಿಸಿದರೆ ಅವರದು 248, ನನ್ನದು 318. ನನ್ನದು ಸರಿ ಬಂತು, ಏಕೆಂದರೆ ಕೊನೆಯಲ್ಲಿ ಸಾಲುಗಳಿಗೆ ಹತ್ತು ಹತ್ತರಂತೆ ಹೊಸ ನಂಬರ್ ಕೊಡುವ ರೀನಂ ಕಮಾಂಡ್ ಕೊಟ್ಟಿದ್ದೆ. ಮಾವ ಎಷ್ಟೋ ಸಾಲು ಅಳಿಸಿದ್ದರು, 1015ರಂಥ ನಂಬರ್‌ಗಳನ್ನು ನಡುವೆ ತೂರಿಸಿದ್ದರು. ಈ ದಾರಿ ನಂಬುವಂಥದ್ದಲ್ಲ.

ಎರಡನೆಯದು, ಫೈಲಿನ ಸಾಲು ಎಣಿಸುವ ಲಿನಕ್ಸಿನ ಡಬ್ಲ್ಯುಸಿ ಕಮಾಂಡ್. ಮಾವನ ಫೈಲ್‌ಗೆ 37 ಅಂತ ತೋರಿಸಿತು! ಜಿಡಬ್ಲ್ಯು-ಬೇಸಿಕ್ ಸುಮ್ನೆ ಸೇವ್ ಮಾಡಿದರೆ ಪಠ್ಯ ಇರುವುದಿಲ್ಲ, ಪದಗಳ ಬದಲು ಟೋಕನ್ ಅನ್ನುವ ಚಿಕ್ಕ ಸಂಕೇತಗಳಿರುತ್ತವೆ. ಪಠ್ಯವಾಗಿ ಬೇಕಾದರೆ ಸೇವ್ ಮಾಡುವಾಗ ಹೆಸರಿನ ನಂತರ ಕಾಮಾ ಹಾಕಿ ಎ ಅಕ್ಷರ ಸೇರಿಸಬೇಕು. ಹಾಗೆ ಮಾಡಿದ ಮೇಲೆ ಮಾವನದು 211, ನನ್ನದು 318. ಪ್ರಿಂಟ್ ತೆಗೆಯಲು ಎಷ್ಟು ಹಾಳೆ ಬೇಕು ಅಂತ ಲೆಕ್ಕ ಹಾಕಲು ಈ ಸಂಖ್ಯೆ ಸಾಕು. ಬರೀ ರೆಮ್ (ಟಿಪ್ಪಣಿ) ಇರುವ ಸಾಲು, ಜಾಗ ಬಿಡಲು ಬರೀ ಕೋಲನ್ ಹಾಕಿದ ಸಾಲು ತೆಗೆದಾಗ 171 ಮತ್ತು 244 ಉಳಿದವು. ಇಲ್ಲಿಗೆ ನನ್ನದೇ ದೊಡ್ಡದು ಅನ್ನಿಸಿತ್ತು.

ಆದರೆ ಮಾವ ಒಂದೊಂದು ಸಾಲಿನಲ್ಲಿ ನಡುವೆ ಕೋಲನ್ ಹಾಕಿ ಮೂರು ನಾಲ್ಕು ಕೆಲಸ ತುರುಕಿದ್ದಾರೆ. ಅದಕ್ಕೆ ಕಾರಣ ಇದೆ. ಪ್ರೋಗ್ರಾಂಗೂ ಡೇಟಾಗೂ ಸೇರಿ ಸಿಗುತ್ತಿದ್ದ ಜಾಗ ಸುಮಾರು 60 ಸಾವಿರ ಬೈಟ್ ಮಾತ್ರ. ಮೆಮೊರಿಯಲ್ಲಿ ಪ್ರತಿ ಹೊಸ ಸಾಲಿಗೂ 5 ಬೈಟ್ ಮೇಲುಖರ್ಚು: ಮುಂದಿನ ಸಾಲಿನ ವಿಳಾಸಕ್ಕೆ 2, ನಂಬರ್‌ಗೆ 2, ಕೊನೆಗೆ 1. ಕೋಲನ್‌ಗೆ ಒಂದೇ ಬೈಟ್. ಹೀಗಾಗಿ ಒಂದು ಸಾಲನ್ನು ಹಿಂದಿನ ಸಾಲಿಗೇ ಸೇರಿಸಿದರೆ 4 ಬೈಟ್ ಉಳಿತಾಯ. ಆ ಕಾಲಕ್ಕೆ ಅದು ಒಳ್ಳೆಯ ಬುದ್ಧಿ, ಅಲ್ವಾ?

ಹಾಗಾಗಿ ಕೋಲನ್ ಎಣಿಸಿದೆ. ಮಾವನ ಫೈಲಿನಲ್ಲಿ 187. ಅಂದರೆ 211 ಕೂಡಿ 398 ಸ್ಟೇಟ್‌ಮೆಂಟ್ (ಬಿಡಿ ಬಿಡಿ ಆದೇಶ). ಇದು ತುಂಬ ಜಾಸ್ತಿ ಅನ್ನಿಸಿತು. ನೋಡಿದರೆ 41 ಕೋಲನ್ "ರೈತರ ಹೆಸರು:" ಅಂತ ಇಂಗ್ಲಿಷಿನಲ್ಲಿ ಕೇಳುವ ಉಲ್ಲೇಖ ಚಿಹ್ನೆಗಳ ಒಳಗಿದ್ದವು. 9 ರೆಮ್ ಒಳಗೆ, 6 ಖಾಲಿ ಸಾಲುಗಳಲ್ಲಿ.

ಕೊನೆಗೆ ಒಂದೊಂದೇ ಅಕ್ಷರ ಓದುತ್ತಾ, ಉಲ್ಲೇಖ ಚಿಹ್ನೆಯ ಒಳಗಿದ್ದೇವೋ ಹೊರಗಿದ್ದೇವೋ ಅಂತ ನೆನಪಿಡುವ ಪುಟ್ಟ ಪೈಥಾನ್ ಸ್ಕ್ರಿಪ್ಟ್ ಬರೆದೆ. ಮೊದಲ ಸಲ 287 ಬಂತು. ಅದೇ ಸಂಜೆ ಪ್ರಿಂಟ್ ಹಿಡಿದು ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಾ ಕೂತೆ, 290 ಬಂತು. ಮೂರು ಎಲ್ಲಿ ಹೋದವು? ಬೇಸಿಕ್‌ನಲ್ಲಿ ಅಪಾಸ್ಟ್ರಫಿ ಕೂಡ ಟಿಪ್ಪಣಿಯ ಗುರುತು. ನನ್ನ ಸ್ಕ್ರಿಪ್ಟ್ ಒಂದು ಸಂದೇಶದೊಳಗಿನ ಅಪಾಸ್ಟ್ರಫಿಯನ್ನೇ ಟಿಪ್ಪಣಿ ಅಂದುಕೊಂಡು ಆ ಸಾಲಿನ ಉಳಿದ ಭಾಗ ಕತ್ತರಿಸಿತ್ತು. ಸರಿಪಡಿಸಿದ ಮೇಲೆ 290. ಸಾಲಿನ ಕೊನೆಗೆ ಕೋಲನ್ ಹಾಕಿ ಬರೆದ 12 ರೆಮ್‌ಗಳನ್ನು ಇದರಲ್ಲಿ ಬಿಟ್ಟಿದ್ದೇನೆ.

ಇಫ್ (ಹೀಗಿದ್ದರೆ), ದೆನ್ (ಆಗ), ಎಲ್ಸ್ (ಇಲ್ಲದಿದ್ದರೆ) ವಿಷಯದಲ್ಲಿ ಮಾತ್ರ ನಾನೇ ತೀರ್ಮಾನಿಸಬೇಕಾಯಿತು. ದೆನ್ ಮುಂದೆ ಬರೀ ನಂಬರ್ ಇದ್ದರೆ ಅಲ್ಲೊಂದು ಗೋಟೊ (ಆ ಸಾಲಿಗೆ ಹೋಗು ಅನ್ನುವ ಆದೇಶ) ಅಡಗಿರುತ್ತದೆ. ಎಲ್ಸ್ ಹಿಂದೆ ಕೋಲನ್ ಕಾಣುವುದೇ ಇಲ್ಲ. ಇಡೀ ಇಫ್ ಅನ್ನು ಒಂದು ಅಂತ ಹಿಡಿದೆ, ಕೋಲನ್ ಇದ್ದರೆ ಮಾತ್ರ ಮುಂದಿನದು ಬೇರೆ. ಎರಡೂ ಪ್ರೋಗ್ರಾಂಗೆ ಅದೇ ನಿಯಮ ಹಾಕಿದ್ದರಿಂದ ಹೋಲಿಕೆಗೆ ತೊಂದರೆಯಿಲ್ಲ.

ಇದೇ ಲೆಕ್ಕದಲ್ಲಿ ನನ್ನದು 253. ಬರೀ ಮಾಹಿತಿ ಪಟ್ಟಿ ಇರುವ ಡೇಟಾ ಸಾಲು ತೆಗೆದರೆ ಮಾವನದು 268, ನನ್ನದು 248. ಅವರದೇ ದೊಡ್ಡದು. ನನಗೆ ಒಪ್ಪಿಗೆಯಾದ ಎಣಿಕೆ ಇದೊಂದೇ. ಮಾವನ ಪ್ರೋಗ್ರಾಂಗೆ ಎರಡು ದಿನ ಜಾಸ್ತಿ ಇಟ್ಟುಕೊಂಡು, ರೆಂಡಿಟ್ಟ ಲೆಕ್ಕದಿಂದಲೇ ಶುರು ಮಾಡಿದ್ದೇನೆ.