ತೋಟದ ಪಾಲುದಾರಿಕೆ ಪತ್ರ: ಉಡುಪಿಯ ಸಲಹಾ ಕಚೇರಿಯೊಂದರ ಸೇವೆ ಹೇಗಿತ್ತು

ಕಾರ್ಕಳದ ಕಡೆ ನಾನು ಒಂಬತ್ತು ವರ್ಷಗಳಿಂದ ನೋಡಿಕೊಳ್ಳುತ್ತಿರುವ ಮೂರು ಎಕರೆ ಅಡಿಕೆ ತೋಟದ ಧನಿಗಳಿಗೆ ಈಗ ಎಪ್ಪತ್ತೆರಡು ವರ್ಷ; ಮಕ್ಕಳಿಬ್ಬರೂ ಬೆಂಗಳೂರಿನಲ್ಲಿದ್ದಾರೆ. ತೋಟವನ್ನು ಹೊರಗಿನವರಿಗೆ ಮಾರಲು ಅವರಿಗೆ ಮನಸ್ಸಿಲ್ಲ, ಒಂದೇ ಸಲಕ್ಕೆ ಕೊಳ್ಳುವ ಶಕ್ತಿ ನನಗಿಲ್ಲ. ಪ್ರತಿ ವರ್ಷ ನನ್ನ ಲಾಭದ ಒಂದಂಶವನ್ನು ಬಂಡವಾಳವಾಗಿ ಬಿಟ್ಟು, ಅದು ಕೂಡಿದಂತೆ ಜಾಗವನ್ನು ಭಾಗಭಾಗವಾಗಿ ಕ್ರಯಕ್ಕೆ ಪಡೆಯುವ ಪಾಲುದಾರಿಕೆ ಪತ್ರ ಬರೆಸಲು ನಾವು ಉಡುಪಿಯ ಸಲಹಾ ಕಚೇರಿಯೊಂದಕ್ಕೆ ಹೋದೆವು. ನ್ಯೂಜಿಲೆಂಡಿನ ಹೈನುಗಾರಿಕೆಯಲ್ಲಿ ಯುವಕರು ಸಣ್ಣ ಪಾಲಿನಿಂದ ಆರಂಭಿಸಿ ಒಡೆತನದತ್ತ ಸಾಗುವ ಇಂಥ ದಾರಿ ರೂಢಿಯಲ್ಲಿದೆ.

ಕಚೇರಿಯವರ ತಾಳ್ಮೆಯನ್ನು ಮೊದಲು ಹೇಳಬೇಕು. "ಬರೆದು ಕೊಟ್ಟರೆ ಜಾಗ ಹೋಗ್ತದೆ ಮಾರಾಯ" ಎಂದು ಧನಿಗಳು ಹಿಂಜರಿದದ್ದು ಸುಮ್ಮನೆ ಅಲ್ಲ. ಗೇಣಿಯಲ್ಲಿದ್ದ ಭೂಮಿ 1974ರ ಮಾರ್ಚ್ 1ರಂದು ಸರ್ಕಾರಕ್ಕೆ ಸೇರಿ, ಡಿಕ್ಲರೇಶನ್ (ಸಾಗುವಳಿ ತಮ್ಮದೆಂಬ ಅರ್ಜಿ) ಹಾಕಿದ ಒಕ್ಕಲುಗಳ ಹೆಸರಿಗೆ ಆದದ್ದನ್ನು ನಮ್ಮ ಕರಾವಳಿಯ ಯಾವ ಹಳೆಯ ಮನೆಯೂ ಮರೆತಿಲ್ಲ. ಭೂಸುಧಾರಣಾ ಕಾಯ್ದೆಯು ಇಂದಿಗೂ ಗೇಣಿಯನ್ನು ನಿರ್ಬಂಧಿಸುವುದರಿಂದ, ಧನಿಗಳೂ ಸಾಗುವಳಿಯಲ್ಲಿ ಪಾಲುದಾರರಾಗಿಯೇ ಉಳಿಯುವಂತೆ ಪತ್ರ ಇರಬೇಕೆಂದು ಸಲಹೆಗಾರರು ಎರಡು ತಾಸು ಕುಳಿತು ವಿವರಿಸಿದರು.

ಮೌಲ್ಯ ಕಟ್ಟಿದ ರೀತಿಯಂತೂ ಬಹಳ ಮೆಚ್ಚುಗೆಯಾಯಿತು. ಅವರು ತೋಟಕ್ಕೇ ಬಂದು, ಒಂಬತ್ತು ಅಡಿ ಅಂತರದ ಸಾಲುಗಳಲ್ಲಿ ನಡೆದು, ಎಕರೆಗೆ ಸುಮಾರು 540ರ ಲೆಕ್ಕದಲ್ಲಿ ಇರಬೇಕಾದ ಮರಗಳಲ್ಲಿ ಸತ್ತವೆಷ್ಟು, ಫಸಲು ಕೊಡುವವೆಷ್ಟು, ನಾನು ನೆಟ್ಟ ಎಳೆಯ ಗಿಡಗಳೆಷ್ಟು ಎಂದು ಬೇರೆಬೇರೆಯಾಗಿ ಎಣಿಸಿದರು. ಅಡಿಕೆ ಫಸಲಿಗೆ ಬರಲು ಐದಾರು ವರ್ಷ ಬೇಕು. ಆ ವರ್ಷಗಳ ನನ್ನ ದುಡಿಮೆ ಬಂಡವಾಳವಾಗಿ ಕಾಗದದ ಮೇಲೆ ಬಂದದ್ದು ಅದೇ ಮೊದಲು.

ಆದರೆ ಕರಡಿನಲ್ಲಿ ಎರಡು ದೊಡ್ಡ ತಪ್ಪುಗಳಿದ್ದವು. ವರ್ಗ ಜಾಗಕ್ಕೆ, ಅಂದರೆ ಧನಿಗಳ ಸ್ವಂತ ಪಟ್ಟಾ ಜಾಗಕ್ಕೆ, ತಾಗಿದ ಅರ್ಧ ಎಕರೆ ಕುಮ್ಕಿಯನ್ನೂ ಧನಿಗಳ ಆಸ್ತಿಯೆಂದು ಸೇರಿಸಿ ಬೆಲೆ ಕಟ್ಟಿದ್ದರು. ಕುಮ್ಕಿಯಲ್ಲಿ ಸೊಪ್ಪು, ತರಗೆಲೆ ತರುವ ಹಕ್ಕಿದೆಯೇ ಹೊರತು ಜಾಗ ಸರ್ಕಾರದ್ದು. ಇಲ್ಲದ ಒಡೆತನಕ್ಕೆ ನಾನು ಹಣ ತುಂಬಬೇಕಾಗುತ್ತಿತ್ತು. ಇನ್ನೊಂದು ಇದಕ್ಕಿಂತ ಗಂಭೀರವಾದದ್ದು. 1932ರ ಪಾಲುದಾರಿಕೆ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ, ಪತ್ರದಲ್ಲಿ ಬೇರೆ ಒಪ್ಪಂದವಿಲ್ಲದಿದ್ದರೆ ಪಾಲುದಾರರೊಬ್ಬರ ಮರಣದಿಂದ ಪಾಲುದಾರಿಕೆಯೇ ವಿಸರ್ಜನೆಯಾಗುತ್ತದೆ. ಎಪ್ಪತ್ತು ದಾಟಿದವರೊಡನೆ ಮಾಡುವ ಪತ್ರದಲ್ಲಿ ಈ ಬಗ್ಗೆ ಒಂದು ಸಾಲೂ ಇರಲಿಲ್ಲ. ತಿದ್ದಲು ಒಂದು ವಾರ ಸಾಕೆಂದವರು ಎರಡು ತಿಂಗಳು ತೆಗೆದುಕೊಂಡರು. ಶುಲ್ಕವನ್ನು ಮಾತ್ರ ಮೊದಲೇ ಪೂರ್ತಿ ಪಡೆದಿದ್ದರು.

ತೋಟ ಮತ್ತು ಮನುಷ್ಯರನ್ನು ಅರಿತ ಕಚೇರಿ ಎಂಬ ಕಾರಣಕ್ಕೆ ಯುವ ಕೃಷಿಕರಿಗೆ ಇದನ್ನು ಸೂಚಿಸುತ್ತೇನೆ. ಆದರೆ ಪಹಣಿ ಮತ್ತು ನಕ್ಷೆಯನ್ನು ಜೊತೆಗಿಟ್ಟುಕೊಂಡು ಕರಡನ್ನು ಸಾಲುಸಾಲಾಗಿ ಓದಿ, ಕ್ರಯಪತ್ರ ಯಾವಾಗ ನೋಂದಣಿಯಾಗಬೇಕೆಂಬುದನ್ನು ಅದರಲ್ಲೇ ಬರೆಸಿಕೊಳ್ಳಿ. ನಮ್ಮ ತಿದ್ದಿದ ಪತ್ರಕ್ಕೆ ಧನಿಗಳ ಮಕ್ಕಳಿಬ್ಬರೂ ಊರಿಗೆ ಬಂದು ಒಪ್ಪಿಗೆಯ ಸಹಿ ಹಾಕಿದ್ದಾರೆ. ಈ ಕೊಯ್ಲಿನ ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರಿದ ಮೇಲೆ ನನ್ನ ಮೊದಲ ಕಂತು ಜಮೆಯಾಗಲಿದೆ.